ಎಂಟು ಕೋರ್‌ಗಳ ಗಣಕದಲ್ಲಿ ಕೆಲಸ ಹಂಚುವವರು ಯಾರು?

ಗಣಕ ಕೊಳ್ಳಲು ಹೋದವರ ಕಿವಿಗೆ ಇಂದು ಮೊದಲು ಬೀಳುವುದು ಕೋರ್‌ಗಳ ಸಂಖ್ಯೆ. ನಾಲ್ಕಕ್ಕಿಂತ ಎಂಟು ಮೇಲು, ಎಂಟಕ್ಕಿಂತ ಹದಿನಾರು ಮೇಲು ಎಂಬುದು ಅಂಗಡಿಯವರ ಲೆಕ್ಕ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ ಹಳೆಯ ಯಂತ್ರಗಳನ್ನು ಬದಲಿಸುವ ಪ್ರಶ್ನೆ ಸಣ್ಣ ಕಚೇರಿಗಳನ್ನೂ ಕಾಡುತ್ತಿದೆ. ದೊಡ್ಡಬಳ್ಳಾಪುರದ ಮಗ್ಗದ ಮಾಲೀಕರ ಲೆಕ್ಕಪತ್ರಕ್ಕಾಗಲಿ, ನೆಲಮಂಗಲದ ಗೋದಾಮಿನ ದಾಸ್ತಾನು ಪಟ್ಟಿಗಾಗಲಿ ಹದಿನಾರು ಕೋರ್ ಬೇಕೇ? ಉತ್ತರ ಸಂಸ್ಕಾರಕದ, ಎಂದರೆ ಪ್ರೊಸೆಸರಿನ ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಅದು ಕೆಲಸವನ್ನು ಹಂಚುವ ಕಾರ್ಯಾಚರಣ ವ್ಯವಸ್ಥೆಯಲ್ಲಿದೆ. ಅದಕ್ಕಿಂತ ಹೆಚ್ಚಾಗಿ ಹಂಚಿಸಿಕೊಳ್ಳಬೇಕಾದ ತಂತ್ರಾಂಶದಲ್ಲಿದೆ.

ಒಂದು ಕೋರ್ ಒಂದು ಕ್ಷಣದಲ್ಲಿ ಒಂದು ಸೂಚನಾಸರಣಿಯನ್ನು ನಡೆಸುತ್ತದೆ. ಗಣಕ ಪರಿಭಾಷೆಯಲ್ಲಿ ಇಂಥ ಸರಣಿಗೆ ಥ್ರೆಡ್ ಎಂದು ಹೆಸರು. ಕನ್ನಡದಲ್ಲಿ ಎಳೆ ಎನ್ನಬಹುದು. ಒಂದೇ ಕೋರ್ ಇದ್ದ ದಿನಗಳಲ್ಲೂ ಹಾಡು ಕೇಳುತ್ತ ಪತ್ರ ಬೆರಳಚ್ಚಿಸುವುದು ಸಾಧ್ಯವಿತ್ತು. ಕಾರ್ಯಾಚರಣ ವ್ಯವಸ್ಥೆಯ ತಿರುಳಿನಲ್ಲಿರುವ ಶೆಡ್ಯೂಲರ್ ಎಂಬ ಭಾಗವು ಪ್ರತಿ ಎಳೆಗೂ ಕೆಲವು ಮಿಲಿಸೆಕೆಂಡುಗಳ ಸರದಿ ಕೊಟ್ಟು, ಸರದಿ ಮುಗಿದೊಡನೆ ಅದನ್ನು ಬದಿಗಿರಿಸಿ ಮುಂದಿನದನ್ನು ಕರೆಯುತ್ತಿತ್ತು. ಬದಲಾವಣೆ ಎಷ್ಟು ಬೇಗ ನಡೆಯುತ್ತಿತ್ತೆಂದರೆ, ಎಲ್ಲವೂ ಏಕಕಾಲಕ್ಕೆ ಸಾಗುತ್ತಿವೆ ಎಂಬ ಭ್ರಮೆ ಹುಟ್ಟುತ್ತಿತ್ತು. ಕೋರ್‌ಗಳು ಹಲವಾದಾಗ ಭ್ರಮೆಯ ಒಂದಂಶ ನಿಜವಾಯಿತು.

ಹಲವಾಗಲು ಕಾರಣ ಶಾಖ. ಗಡಿಯಾರದ ವೇಗವನ್ನು ವರ್ಷವರ್ಷವೂ ಹೆಚ್ಚಿಸುತ್ತ ಬಂದ ಇಂಟೆಲ್, 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವ ಯೋಜನೆಯನ್ನು 2004ರ ಅಕ್ಟೋಬರಿನಲ್ಲಿ ಕೈಬಿಟ್ಟಿತು. 2005ರ ಮೇ ತಿಂಗಳಲ್ಲಿ ಇಂಟೆಲ್‌ನ ಪೆಂಟಿಯಂ ಡಿ ಮತ್ತು ಎಎಂಡಿಯ ಅಥ್ಲಾನ್ 64 ಎಕ್ಸ್2 ಎರಡೆರಡು ಕೋರ್ ಹೊತ್ತು ಮೇಜಿನ ಗಣಕಗಳಿಗೆ ಬಂದವು.

ಈ ತಿರುವಿನಲ್ಲಿ ಬೆಂಗಳೂರಿನ ಪಾಲೂ ಇದೆ. ಬಿಡಿಬಿಡಿ ಸಂಸ್ಕಾರಕಗಳನ್ನು ಒಂದೇ ಲೆಕ್ಕಕ್ಕೆ ಹೂಡುವ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ಎನ್‌ಎಎಲ್ ವಿಜ್ಞಾನಿಗಳು 1986ರಲ್ಲೇ ಇಲ್ಲಿ ಕಟ್ಟಿದ್ದರು. ಮುಂದೆ ಇಂಟೆಲ್‌ನ ಬೆಂಗಳೂರು ತಂಡಕ್ಕೆ ನಾಲ್ಕು ಕೋರ್‌ಗಳ ಸರ್ವರ್ ಸಂಸ್ಕಾರಕವೊಂದರ ವಿನ್ಯಾಸ ದೊರೆಯಿತು. ಹೊಸಕೋಟೆಗೆ ಹತ್ತಿರದ ವೈಟ್‌ಫೀಲ್ಡ್‌ನ ಹೆಸರನ್ನೇ ಅದಕ್ಕೆ ಇಡಲಾಗಿತ್ತು. ಆ ಯೋಜನೆ 2005ರಲ್ಲಿ ರದ್ದಾಯಿತು. ತಂಡ ಕುಗ್ಗಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಆರು ಕೋರ್‌ಗಳ ಕ್ಸಿಯಾನ್ 7400, ಒಳಹೆಸರು ಡನಿಂಗ್ಟನ್, ಬೆಂಗಳೂರಿನ ವಿನ್ಯಾಸ. ಅದರಲ್ಲಿದ್ದ ಟ್ರಾನ್ಸಿಸ್ಟರ್‌ಗಳು ಸುಮಾರು 190 ಕೋಟಿ. ಅದು ಸರ್ವರ್‌ಗಳಿಗಾಗಿ ರೂಪಿಸಿದ್ದು, ಮೇಜಿನ ಗಣಕಕ್ಕಲ್ಲ. ಆದರೆ ಕೋರ್‌ಗಳನ್ನು ಕೂಡಿಸುವುದು ಯಂತ್ರಾಂಶದವರ ಕೆಲಸವಾದರೆ ಅವುಗಳನ್ನು ದುಡಿಸುವುದು ತಂತ್ರಾಂಶದವರ ಕೆಲಸ ಎಂಬ ಪಾಠ ಎರಡಕ್ಕೂ ಒಂದೇ.

ಆ ಕೆಲಸಕ್ಕೆ ಮೇಜಿನ ಗಣಕಗಳ ತಂತ್ರಾಂಶ ಬಹುಕಾಲ ಸಿದ್ಧವಿರಲಿಲ್ಲ. ವಿಂಡೋಸ್ 95 ಮತ್ತು 98 ಎರಡನೆಯ ಸಂಸ್ಕಾರಕವನ್ನು ಗಮನಿಸುತ್ತಲೇ ಇರಲಿಲ್ಲ. 1993ರ ವಿಂಡೋಸ್ ಎನ್‌ಟಿ ಈ ವಿದ್ಯೆ ಬಲ್ಲದಾಗಿತ್ತಾದರೂ ಅದು ಕಚೇರಿಗಳ ಸೊತ್ತು. ಎನ್‌ಟಿಯ ವಂಶದ ಎಕ್ಸ್‌ಪಿ 2001ರಲ್ಲಿ ಮನೆಮನೆಗೆ ಬಂದಾಗ ಅದರ ಹೋಮ್ ಆವೃತ್ತಿಗೆ ಒಂದು ಸಂಸ್ಕಾರಕ, ಪ್ರೊಫೆಶನಲ್‌ಗೆ ಎರಡು ಎಂಬ ಪರವಾನಗಿಯ ಮಿತಿಯಿತ್ತು. ಕೋರ್‌ಗಳು ಬಂದಾಗ ಇದೊಂದು ತಕರಾರಾಗಬಹುದಿತ್ತು. ಎಣಿಸುವುದು ಮದರ್‌ಬೋರ್ಡಿನಲ್ಲಿ ಕೂರುವ ಚಿಪ್‌ಗಳನ್ನು, ಅದರೊಳಗಿನ ಕೋರ್‌ಗಳನ್ನಲ್ಲ ಎಂದು ಮೈಕ್ರೋಸಾಫ್ಟ್ 2004ರಲ್ಲಿ ಸಾರಿದ್ದರಿಂದ ಬಳಕೆದಾರ ಬದುಕಿಕೊಂಡ. ಇನ್ನೊಂದು ತೊಡಕು ಉಳಿದಿತ್ತು. ಎಕ್ಸ್‌ಪಿಯ ಸಿಡಿಯಲ್ಲಿ ಒಂಟಿ ಸಂಸ್ಕಾರಕಕ್ಕೆ ಒಂದು ಕರ್ನೆಲ್, ಹಲವಕ್ಕೆ ಇನ್ನೊಂದು ಇರುತ್ತಿತ್ತು. ಯಾವುದು ಬೇಕೆಂಬುದು ಅನುಸ್ಥಾಪನೆಯ ಹೊತ್ತಿಗೆ ತೀರ್ಮಾನವಾಗುತ್ತಿತ್ತು. ಹಳೆಯ ಚಿಪ್ ತೆಗೆದು ಎರಡು ಕೋರ್‌ನದನ್ನು ಕೂರಿಸಿದವರ ಯಂತ್ರದಲ್ಲಿ ಕೆಲವೊಮ್ಮೆ ಎರಡನೆಯ ಕೋರ್ ಸುಮ್ಮನೆ ಕುಳಿತಿರುತ್ತಿತ್ತು.

ಲಿನಕ್ಸ್ ನಡೆದ ದಾರಿ ಬೇರೆ. 1996ರ 2.0 ಆವೃತ್ತಿ ಹಲವು ಸಂಸ್ಕಾರಕಗಳನ್ನು ಬೆಂಬಲಿಸಿತು, ಆದರೆ ಕರ್ನೆಲ್‌ನ ಒಳಗೆ ಒಮ್ಮೆಗೆ ಒಂದಕ್ಕೆ ಮಾತ್ರ ಪ್ರವೇಶ. ಬಾಗಿಲಿಗೆ ಹಾಕಿದ ಒಂದೇ ದೊಡ್ಡ ಬೀಗವದು. ಅದನ್ನು ಒಡೆದು ಸಣ್ಣ ಬೀಗಗಳನ್ನಾಗಿಸುತ್ತ ಬಂದು, ಕೊನೆಯ ಕುರುಹನ್ನು ಅಳಿಸಿದ್ದು 2011ರಲ್ಲಿ. ಹದಿನೈದು ವರ್ಷ!

ಬೀಗವೇಕೆ ಬೇಕು? ಪಹಣಿಯ ಉದಾಹರಣೆ ಸಾಕು. ಒಂದು ಸರ್ವೆ ನಂಬರಿನಲ್ಲಿ 4 ಎಕರೆ ಉಳಿದಿದೆ ಎನ್ನೋಣ. ಇಬ್ಬರು ಗುಮಾಸ್ತರು ಒಂದೇ ಕ್ಷಣದಲ್ಲಿ ಅದೇ ದಾಖಲೆ ತೆರೆಯುತ್ತಾರೆ. ಇಬ್ಬರಿಗೂ ಕಾಣುವುದು 4. ಒಬ್ಬರು 1 ಎಕರೆಯ ಮಾರಾಟ ಕಳೆದು 3 ಎಂದು ಬರೆಯುತ್ತಾರೆ. ಇನ್ನೊಬ್ಬರೂ ಬೇರೊಂದು 1 ಎಕರೆ ಕಳೆದು 3 ಎಂದೇ ಬರೆಯುತ್ತಾರೆ. ಮಾರಾಟವಾದದ್ದು 2 ಎಕರೆ, ದಾಖಲೆಯಲ್ಲಿ ಕಡಿಮೆಯಾದದ್ದು ಒಂದೇ. ದೇವನಹಳ್ಳಿಯ ಭೂಮಿಯ ಬೆಲೆ ಬಲ್ಲವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ. ಎರಡು ಕೋರ್‌ಗಳು ನೆನಪಿನ ಒಂದೇ ಸ್ಥಾನವನ್ನು ತಿದ್ದಹೊರಟಾಗ ಆಗುವುದು ಇದೇ. ಒಬ್ಬರು ತಿದ್ದಿ ಮುಗಿಸುವವರೆಗೆ ಇನ್ನೊಬ್ಬರು ಕಾಯಬೇಕು. ಬೀಗ ದೊಡ್ಡದಾದಷ್ಟೂ ಕಾಯುವವರು ಹೆಚ್ಚು. ಸಣ್ಣ ಬೀಗಗಳು ಹಲವಾದರೆ ಬೇರೆ ಅಪಾಯ: ಒಂದರ ಕೀಲಿ ಇವರ ಬಳಿ, ಇನ್ನೊಂದರದು ಅವರ ಬಳಿ, ಇಬ್ಬರೂ ಪರಸ್ಪರ ಕಾಯುತ್ತ ಕೂರುತ್ತಾರೆ. ಪರದೆಯ ಮೇಲಿನ ತಂತ್ರಾಂಶ ಇದ್ದಕ್ಕಿದ್ದಂತೆ ಕಲ್ಲಾಗುವುದಕ್ಕೆ ಇದೂ ಒಂದು ಕಾರಣ.

ಇನ್ನು ಹಂಚಿಕೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹತ್ತು ಮಗ್ಗವಿದ್ದರೆ ಹತ್ತು ಸೀರೆಗಳನ್ನು ಏಕಕಾಲಕ್ಕೆ ನೇಯಬಹುದು. ಒಂದೇ ಸೀರೆ ಬೇಕಾದವರಿಗೆ ಹತ್ತು ಮಗ್ಗದಿಂದ ಪ್ರಯೋಜನವಿಲ್ಲ. ಕಾರ್ಯಾಚರಣ ವ್ಯವಸ್ಥೆಯು ಎಳೆಗಳನ್ನು ಕೋರ್‌ಗಳಿಗೆ ಹಂಚಬಲ್ಲದು. ಒಂದೇ ಎಳೆಯಾಗಿ ಬರೆದ ತಂತ್ರಾಂಶವನ್ನು ತಾನಾಗಿ ಸೀಳಲಾರದು. ಹಾಸು ಸಿದ್ಧಪಡಿಸಲು 2 ದಿನ, ಒಂದೇ ಮಗ್ಗದಲ್ಲಿ ನೇಯಲು 8 ದಿನ ಹಿಡಿಯುವ ಹಲವು ಸೀರೆಗಳ ಬೇಡಿಕೆಯೊಂದನ್ನು ಊಹಿಸಿಕೊಳ್ಳಿ. ನಾಲ್ಕು ಮಗ್ಗ ಹೂಡಿದರೆ ಒಟ್ಟು 4 ದಿನ, ಎಂಟಾದರೆ 3 ದಿನ, ಎಂಬತ್ತಾದರೂ 2 ದಿನದ ಮೇಲೆ ಸ್ವಲ್ಪ ಹೊತ್ತು. ಹಾಸಿನ ಎರಡು ದಿನ ಕರಗುವುದೇ ಇಲ್ಲ. ಗಣಕ ವಿಜ್ಞಾನಿ ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದದ ಸಾರ ಇದೇ.

ಅರ್ಧ ನೇಯ್ದ ಸೀರೆಯನ್ನು ಇನ್ನೊಂದು ಮಗ್ಗಕ್ಕೆ ಸಾಗಿಸಿದರೆ ಆಗುವ ನಷ್ಟವೂ ಗಣಕದಲ್ಲಿದೆ. ಪ್ರತಿ ಕೋರ್‌ನ ಪಕ್ಕದಲ್ಲಿ ಕ್ಯಾಶ್ ಎಂಬ ಪುಟ್ಟ, ಚುರುಕಾದ ನೆನಪು ಇರುತ್ತದೆ. ಎಳೆಯನ್ನು ಬೇರೆ ಕೋರ್‌ಗೆ ಒಯ್ದರೆ ಆ ಮಾಹಿತಿಯನ್ನು ಮತ್ತೆ ತುಂಬಿಕೊಳ್ಳಬೇಕು. ಆದ್ದರಿಂದ ಒಳ್ಳೆಯ ಶೆಡ್ಯೂಲರ್ ಎಳೆಯನ್ನು ಸಾಧ್ಯವಾದಷ್ಟೂ ಹಳೆಯ ಜಾಗದಲ್ಲೇ ಇರಿಸುತ್ತದೆ. ಒಂದು ಕೋರ್ ತೀರ ಬಿಡುವಾಗಿದ್ದಾಗ ಮಾತ್ರ ಕದಲಿಸುತ್ತದೆ. ಹೈಪರ್-ಥ್ರೆಡಿಂಗ್ ಬಂದಾಗಿನಿಂದ, ಎಂದರೆ 2002ರಿಂದ, ಇನ್ನೊಂದು ಜಾಣತನವೂ ಬೇಕಾಯಿತು. ಒಂದು ಕೋರ್ ಎರಡರಂತೆ ತೋರಿಸಿಕೊಳ್ಳುವ ತಂತ್ರವದು. ವಿಂಡೋಸ್ 2000ಕ್ಕೆ ನಿಜ ಯಾವುದು, ತೋರಿಕೆ ಯಾವುದು ತಿಳಿಯುತ್ತಿರಲಿಲ್ಲ. ಎಕ್ಸ್‌ಪಿಗೆ ತಿಳಿಯುತ್ತಿತ್ತು. ಇಂದಿಗೂ ಜಾಹೀರಾತುಗಳಲ್ಲಿ ಕೋರ್ ಮತ್ತು ಥ್ರೆಡ್‌ಗಳ ಸಂಖ್ಯೆ ಅಕ್ಕಪಕ್ಕದಲ್ಲೇ ಇರುತ್ತವೆ. ಕೊಳ್ಳುವವರು ನೋಡಬೇಕಾದದ್ದು ಮೊದಲನೆಯದನ್ನು.

ಕೋರ್‌ಗಳೆಲ್ಲ ಸಮಾನ ಎಂಬ ನಂಬಿಕೆಯೂ ಈಗ ಉಳಿದಿಲ್ಲ. 2020ರ ನವೆಂಬರಿನಲ್ಲಿ ಬಂದ ಆ್ಯಪಲ್‌ನ ಎಂ1 ಚಿಪ್‌ನಲ್ಲಿ ನಾಲ್ಕು ವೇಗದ ಕೋರ್‌ಗಳು, ವಿದ್ಯುತ್ ಉಳಿಸುವ ನಾಲ್ಕು ಸಣ್ಣ ಕೋರ್‌ಗಳು. ಮರುವರ್ಷ ಇಂಟೆಲ್ ತನ್ನ 12ನೆಯ ಪೀಳಿಗೆಯಲ್ಲಿ ಇದೇ ಹಾದಿ ಹಿಡಿಯಿತು. ಯಾವ ಎಳೆ ಎಷ್ಟು ಭಾರದ್ದೆಂದು ಚಿಪ್ ಸುಳಿವು ಕೊಡುತ್ತದೆ, ವಿಂಡೋಸ್ 11 ಅದನ್ನು ಕೇಳಿ ಹಂಚುತ್ತದೆ. ಹಾಗಾಗಿ ಹತ್ತು ಕೋರ್ ಎಂದು ಬರೆದಿದ್ದರೆ ಅವುಗಳಲ್ಲಿ ದೊಡ್ಡವೆಷ್ಟು ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಬೆರಳಚ್ಚು, ಲೆಕ್ಕಪತ್ರ, ಅಂತರಜಾಲ ಇಷ್ಟೇ ಇದ್ದವರು ಕೆಲವೇ ವೇಗದ ಕೋರ್‌ಗಳ ಯಂತ್ರ ಕೊಂಡು, ಉಳಿದ ಹಣವನ್ನು ಹೆಚ್ಚಿನ ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ ಹಾಕುವುದು ಲೇಸು. ಮದುವೆಯ ವಿಡಿಯೋ ಸಂಕಲಿಸುವ ಸ್ಟುಡಿಯೋಗಳ ಮಾತು ಬೇರೆ. ಚೌಕಟ್ಟುಗಳನ್ನು ಹಂಚಿಕೊಂಡು ದುಡಿಯುವ ಆ ತಂತ್ರಾಂಶಗಳಿಗೆ ಕೋರ್ ಹೆಚ್ಚಿದಷ್ಟೂ ಲಾಭ. ಅನುಮಾನವಿದ್ದರೆ ಈಗಿರುವ ಯಂತ್ರವನ್ನೇ ಕೇಳಬಹುದು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ನಿಮ್ಮನ್ನು ಕಾಯಿಸುವ ಕೆಲಸ ನಡೆಯುತ್ತಿರುವಾಗ ಸಿಪಿಯು ಬಳಕೆಯ ಅಂಕಿ ನೋಡಿ. ಹೈಪರ್-ಥ್ರೆಡಿಂಗ್ ಇಲ್ಲದ ಎಂಟು ಕೋರ್ ಯಂತ್ರದಲ್ಲಿ ಅದು ಶೇ. 12 ಅಥವಾ 13ರ ಬಳಿ ನಿಂತೇ ಇದ್ದರೆ ಆ ತಂತ್ರಾಂಶ ಒಂದೇ ಎಳೆಯಲ್ಲಿ ಓಡುತ್ತಿರುವ ಸಾಧ್ಯತೆ ಹೆಚ್ಚು. ಉಳಿದ ಏಳು ಕೋರ್‌ಗಳಿಗೆ ಅದರಲ್ಲಿ ಕೆಲಸವಿಲ್ಲ. ಲಿನಕ್ಸ್ ಬಳಸುವವರು ‘ಟಾಪ್’ ಆದೇಶ ಕೊಟ್ಟು 1 ಎಂಬ ಕೀಲಿ ಒತ್ತಿದರೆ ಪ್ರತಿ ಕೋರ್‌ನ ದುಡಿಮೆಯೂ ಬೇರೆಬೇರೆ ಸಾಲಿನಲ್ಲಿ ಕಾಣುತ್ತದೆ.