ಮುಕ್ತವೂ ಬಿಟ್ಟಿಯೂ ಒಂದೇ ಅಲ್ಲ

ಕುಮಟೆಯಲ್ಲಿ ಕಂಪ್ಯೂಟರ್ ಓದುತ್ತಿರುವ ಹೊನ್ನಾವರ ಕಡೆಯ ಹುಡುಗನೊಬ್ಬ ನಮ್ಮನ್ನು ಕೇಳಿದ: "ಸರ್, ತಂತ್ರಾಂಶ ಬರ್ದು ಎಲ್ಲರಿಗೂ ಹಂಚಿಬಿಡಿ ಅಂತ್ರು. ಹಂಚಿಬಿಟ್ರೆ ಹೊಟ್ಟೆಗೆ ಎಂತ ಮಾಡೂದು?" ಅವನ ಅಪ್ಪ ಕೂಲಿ, ಅವ್ವ ಕೂಲಿ. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವನೇ ಮೊದಲಿಗ. ಮುಕ್ತ ತಂತ್ರಾಂಶದ ಬಗ್ಗೆ ಬೆಂಗಳೂರಿನಲ್ಲಿ ಆಗುವ ದೊಡ್ಡ ದೊಡ್ಡ ಭಾಷಣಗಳಿಗಿಂತ ಈ ಒಂದು ಪ್ರಶ್ನೆ ನಮಗೆ ಮುಖ್ಯವಾಗಿ ಕಂಡಿತು. ಯಾಕೆಂದರೆ ಇದು ಕಂಪ್ಯೂಟರಿನ ಪ್ರಶ್ನೆ ಮಾತ್ರ ಅಲ್ಲ. ದುಡಿಮೆ ಯಾರದ್ದು, ಒಡೆತನ ಯಾರದ್ದು ಎಂಬ ನಮ್ಮ ಹಳೆಯ ಪ್ರಶ್ನೆಯೇ ಹೊಸ ಅಂಗಿ ತೊಟ್ಟು ಬಂದಿದೆ.

ಮೊದಲು ನಮ್ಮ ನೆಲದಿಂದಲೇ ಹೊರಡೋಣ. ಕುಮಟಾ ತಾಲೂಕಿನ ಮಾಣಿಕಟ್ಟೆಯಂಥ ಊರುಗಳಲ್ಲಿ, ಅಘನಾಶಿನಿ ಸಮುದ್ರ ಸೇರುವ ಕಡೆ, ಗಜನಿ ಭೂಮಿ ಇದೆ. ಅಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನೂ ತಾಳಿಕೊಳ್ಳುತ್ತದೆ, ನೆರೆಯಲ್ಲಿ ಮುಳುಗಿದರೂ ಚೇತರಿಸಿಕೊಳ್ಳುತ್ತದೆ. ಈ ಬೀಜವನ್ನು ಯಾವ ಕಂಪನಿಯೂ ಕಂಡುಹಿಡಿಯಲಿಲ್ಲ. ತಲೆತಲಾಂತರದಿಂದ ಬಿತ್ತಿ, ಆರಿಸಿ, ಒಬ್ಬರಿಂದೊಬ್ಬರು ಈಸಿಕೊಂಡು ಉಳಿಸಿದ್ದು. ಬೀಜ ಎಲ್ಲರದು, ಸರಿ. ಆದರೆ ಗಜನಿ ಉಳಿಯುವುದು ಬೀಜ ಒಂದರಿಂದಲೇ ಅಲ್ಲ. ಉಪ್ಪುನೀರು ನುಗ್ಗದ ಹಾಗೆ ಕಟ್ಟೆ ಕಾಯಬೇಕು, ತೂಬಿನ ಬಾಗಿಲು ಹೊತ್ತುಹೊತ್ತಿಗೆ ತೆಗೆದು ಹಾಕಬೇಕು. ಆ ಕೆಸರಿಗೆ ಇಳಿಯುವವರು ಇರಬೇಕು. 1990ರ ದಶಕದಲ್ಲಿ ಸಿಗಡಿ ಸಾಕಣೆಯ ದುಡ್ಡು ಬಂತು. ಗಜನಿಗಳು ಗುತ್ತಿಗೆಗೆ ಹೋದವು, ಕಗ್ಗ ಮೂಲೆಗೆ ಸರಿಯಿತು. ಎಲ್ಲರದೂ ಆದದ್ದನ್ನು ಕಾಯುವವರಿಗೆ ಅನ್ನ ಇಲ್ಲದಿದ್ದರೆ, ದುಡ್ಡಿದ್ದವನು ಬಂದು ಅದನ್ನು ತನ್ನದು ಮಾಡಿಕೊಳ್ಳುತ್ತಾನೆ. ಈ ಪಾಠ ನೆನಪಿರಲಿ.

ಇನ್ನು ತಂತ್ರಾಂಶದ ಚರಿತ್ರೆ. ಮೊದಮೊದಲು ತಂತ್ರಾಂಶಕ್ಕೆ ಬೇರೆ ಬೆಲೆ ಇರಲಿಲ್ಲ, ಯಂತ್ರದ ಜೊತೆಗೇ ಬರುತ್ತಿತ್ತು. 1969ರಲ್ಲಿ ಐಬಿಎಂ ಕಂಪನಿ ಎರಡಕ್ಕೂ ಬೇರೆ ಬೇರೆ ಬೆಲೆ ಕಟ್ಟುವುದಾಗಿ ಸಾರಿತು. 1976ರಲ್ಲಿ ಬಿಲ್ ಗೇಟ್ಸ್ ಒಂದು ಬಹಿರಂಗ ಪತ್ರ ಬರೆದು, ತನ್ನ ತಂತ್ರಾಂಶವನ್ನು ದುಡ್ಡು ಕೊಡದೆ ನಕಲು ಮಾಡಿಕೊಳ್ಳುವವರನ್ನು ಕಳ್ಳರೆಂದು ಕರೆದ. ಕೂಲಿ ಸಿಗದೆ ಯಾರು ತಾನೇ ಒಳ್ಳೆಯ ಕೆಲಸ ಮಾಡುತ್ತಾರೆ ಎಂಬುದು ಅವನ ವಾದ. ಅದೇ 1976ರಲ್ಲಿ ನಮ್ಮ ದೇಶದಲ್ಲಿ ಜೀತಪದ್ಧತಿ ರದ್ದತಿ ಕಾನೂನು ಬಂತು. ಕೂಲಿ ಇಲ್ಲದ ಕೆಲಸದ ಸಂಕಟ ಗೇಟ್ಸ್‌ಗಿಂತ ನೂರಾರು ವರ್ಷ ಮೊದಲೇ ನಮ್ಮ ಕೇರಿಗಳಿಗೆ ಗೊತ್ತಿತ್ತು. ಆದರೆ ಅದನ್ನು ಪತ್ರ ಬರೆದು ಹೇಳಲು ನಮಗೆ ಅಕ್ಷರ ಕೊಟ್ಟಿರಲಿಲ್ಲ.

1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬಾತ ಎದುರು ದಾರಿ ಹಿಡಿದ. ತಂತ್ರಾಂಶದ ಒಳಬರಹವನ್ನು ಓದುವ, ತಿದ್ದುವ, ಹಂಚುವ ಹಕ್ಕು ಬಳಸುವವನಿಗೆ ಇರಬೇಕೆಂದ. 1989ರಲ್ಲಿ ಆ ಹಕ್ಕನ್ನು ಕಾಯುವ ಜಿಪಿಎಲ್ ಪರವಾನಗಿ ಹೊರಬಂತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಶುರುಮಾಡಿದ. 1998ರಲ್ಲಿ ಇದಕ್ಕೆ 'ಓಪನ್ ಸೋರ್ಸ್' ಎಂಬ ವ್ಯಾಪಾರಕ್ಕೆ ಒಗ್ಗುವ ಹೆಸರು ಬಂತು. ಹೆಸರು ಬದಲಾದಾಗ ಒತ್ತು ಕೂಡ ಬದಲಾಯಿತು: ಹಕ್ಕಿನ ಮಾತು ಹಿಂದಾಯಿತು, ಲಾಭದ ಮಾತು ಮುಂದಾಯಿತು.

ಕನ್ನಡದಲ್ಲಿ ಏನಾಯಿತು? ಒಂದು ಕಾಲದಲ್ಲಿ ನಮ್ಮ ಕರಾವಳಿಯ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸುವವರು ಇದ್ದರು. ಕೈಗೆ ಸೀಸ ಮೆತ್ತಿಕೊಂಡು, ಅಕ್ಷರ ಉಲ್ಟಾ ಓದಿ, ಕರಪತ್ರದಿಂದ ಮದುವೆ ಕಾಗದದವರೆಗೆ ಎಲ್ಲ ಜೋಡಿಸುತ್ತಿದ್ದರು. ಡಿಟಿಪಿ ಬಂದ ಮೇಲೆ ಆ ಕೆಲಸ ಹೋಯಿತು. ಶ್ರೀಲಿಪಿ, ಆಕೃತಿ ಮುಂತಾದ ತಂತ್ರಾಂಶಗಳನ್ನು ದುಡ್ಡು ಕೊಟ್ಟೇ ಕೊಳ್ಳಬೇಕಿತ್ತು. ಸಣ್ಣ ಊರಿನ ಅಂಗಡಿಯವನಿಗೆ ಅದು ಎಟುಕುವ ಮಾತಲ್ಲ. ಅಷ್ಟರಲ್ಲೇ ಕೊಡುವವರೂ ಇದ್ದರು. ಕಿನ್ನಿಕಂಬಳ ಪದ್ಮನಾಭ ರಾವ್, ನಾವೆಲ್ಲ ಕೆ.ಪಿ. ರಾವ್ ಎನ್ನುವವರು, ಉಚ್ಚಾರಕ್ಕೆ ಹೊಂದುವ ಕನ್ನಡ ಕೀಲಿಮಣೆ ವಿನ್ಯಾಸವನ್ನು ರೂಪಿಸಿ ಎಲ್ಲರಿಗೂ ಬಿಟ್ಟುಕೊಟ್ಟರು. ಸರ್ಕಾರ ಒಪ್ಪಿದ ಕೀಲಿಮಣೆಗೂ ಅದೇ ತಳಹದಿ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಉಚಿತವಾಗಿ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳಿಗೆಲ್ಲ ಹೋಯಿತು. ಭಟ್ಕಳದಿಂದ ಕುಮಟೆಯವರೆಗೆ ತಹಶೀಲ್ದಾರ್ ಕಚೇರಿ ಎದುರಿನ ಅರ್ಜಿ ಟೈಪಿಸುವ ಅಂಗಡಿಗಳು ಬಾಳಿದ್ದು ಇವುಗಳ ಮೇಲೆ. ಕನ್ನಡ ತಂತ್ರಾಂಶ ಮಾರುವವರ ಪೇಟೆ ಕುಗ್ಗಿತು, ಕನ್ನಡ ಟೈಪಿಸಿ ಹೊಟ್ಟೆ ಹೊರೆಯುವವರ ಸಂಖ್ಯೆ ಹಿಗ್ಗಿತು. ಇದನ್ನು ಲಾಭ ಎನ್ನಬೇಕೋ ನಷ್ಟ ಎನ್ನಬೇಕೋ? ಯಾರ ಕಡೆ ನಿಂತು ಕೇಳುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ.

ಆದರೆ ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಬರಹ, ನುಡಿ ಉಚಿತವಾಗಿ ಸಿಕ್ಕವು, ಮುಕ್ತವಾಗಿ ಸಿಗಲಿಲ್ಲ. ಅವುಗಳ ಒಳಬರಹ ಜನರ ಕೈಗೆ ಬರಲಿಲ್ಲ. 'ಬರಹ' ಮುಂದೆ ದುಡ್ಡು ಕೊಟ್ಟು ಕೊಳ್ಳುವ ಸಾಮಾನಾಯಿತು. ಬರೆದವರೂ ಬದುಕಬೇಕಲ್ಲ, ಅದರಲ್ಲಿ ನಾವು ತಪ್ಪು ಹುಡುಕುವುದಿಲ್ಲ. ಆದರೆ ದಾನ ಪಡೆದವನಿಗೆ ಹಕ್ಕು ಇರುವುದಿಲ್ಲ ಎಂಬುದು ಅದರಿಂದ ತಿಳಿಯಿತು. ಗುಬ್ಬಿ, ನವಿಲು ಎಂಬ ಅಕ್ಷರ ವಿನ್ಯಾಸಗಳು ಹಾಗಲ್ಲ. ಅವನ್ನು ಯಾರೂ ತಿದ್ದಬಹುದು, ಯಾರೂ ಹಂಚಬಹುದು.

ಹಾಗಾದರೆ ಇದರಲ್ಲಿ ದುಡ್ಡೇ ಇಲ್ಲವೋ? ಇದೆ, ಬೇಕಾದಷ್ಟಿದೆ. ಮುಕ್ತ ತಂತ್ರಾಂಶವನ್ನು ಒದಗಿಸಿ, ಅದರ ದೇಖರೇಖಿಗೆ ಚಂದಾ ಪಡೆಯುತ್ತಿದ್ದ ರೆಡ್ ಹ್ಯಾಟ್ ಕಂಪನಿಯನ್ನು 2019ರಲ್ಲಿ ಐಬಿಎಂ 3,400 ಕೋಟಿ ಡಾಲರಿಗೆ ಕೊಂಡಿತು. ದುಡ್ಡು ಹುಟ್ಟುವುದು ಪ್ರತಿ ಮಾರುವುದರಲ್ಲಿ ಅಲ್ಲ, ಕೆಟ್ಟದ್ದನ್ನು ಸರಿಮಾಡುವುದರಲ್ಲಿ, ಕಲಿಸುವುದರಲ್ಲಿ, ಬೇಕಾದಂತೆ ಹೊಂದಿಸಿ ಕೊಡುವುದರಲ್ಲಿ. ಬೆಂಗಳೂರಿನಲ್ಲಿ ಸಂಬಳ ಎಣಿಸುವ ಎಷ್ಟೋ ಎಂಜಿನಿಯರರು ದಿನಾ ಮುಟ್ಟುವ ಲಿನಕ್ಸ್ ಇಂಥ ಹಂಚಿಕೆಯ ಮಾಲೇ. ಇನ್ನೊಂದು ಕಡೆ ನೋಡಿ. ಜಗತ್ತಿನ ಬ್ಯಾಂಕು, ಅಂಗಡಿಗಳ ಗುಟ್ಟು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ 2014ರಲ್ಲಿ ದೊಡ್ಡ ತೂತು ಕಂಡಿತು. ಆಗ ಬಯಲಾದದ್ದೇನು? ಅದಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರು, ಪೂರ್ತಿ ಹೊತ್ತು ಅದಕ್ಕೇ ದುಡಿಯುತ್ತಿದ್ದವನು ಒಬ್ಬನೇ. ಕಟ್ಟೆ ಒಡೆದ ಮೇಲೆ ಕಂಪನಿಗಳು ದುಡ್ಡು ಕೂಡಿಸಿದವು. ಗಜನಿಯ ಕಟ್ಟೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ನಮ್ಮವರ ಮಾತು. ಕೆಲಸ ಕೇಳಲು ಹೋದರೆ "ಮುಕ್ತ ತಂತ್ರಾಂಶಕ್ಕೆ ಏನು ಬರೆದಿದ್ದೀಯಾ ತೋರಿಸು" ಎನ್ನುವ ಕಂಪನಿಗಳಿವೆ. ಸ್ವಂತ ಲ್ಯಾಪ್‌ಟಾಪು, ಬಿಡದ ಕರೆಂಟು, ಇಂಗ್ಲಿಷು, ಮತ್ತೆ ದುಡಿಯದೆ ಕಳೆಯಬಹುದಾದ ರಾತ್ರಿ ಇದ್ದವನು ತೋರಿಸುತ್ತಾನೆ. ರಜೆ ಬಂದರೆ ಗಾರೆ ಕೆಲಸಕ್ಕೆ ಹೋಗುವ ಹುಡುಗ ಏನನ್ನು ತೋರಿಸಬೇಕು? 1974ರ ಭೂಸುಧಾರಣೆಯಲ್ಲಿ ನಮ್ಮ ಜಿಲ್ಲೆಯ ಗೇಣಿದಾರರು ಹೊಲದೊಡೆಯರಾದರು. ಅದು ದೊಡ್ಡ ಗೆಲುವು. ಆದರೆ ಗೇಣಿದಾರನ ಹೊಲದಲ್ಲೂ ಕೂಲಿಯಾಗಿದ್ದವನ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಅವನಿಗೆ ನೆಲ ಬರಲಿಲ್ಲ. ಬಾಗಿಲು ತೆರೆದಿದೆ ಎಂದು ಸಾರುವ ಎಲ್ಲ ಕಡೆಯೂ ನಾವು ಇದನ್ನು ಕೇಳಬೇಕಾಗುತ್ತದೆ: ಹೊಸಿಲವರೆಗೆ ಬರಲು ದಾರಿ ಎಲ್ಲಿದೆ?

ದಾರಿ ಮಾಡಿದವರೂ ಇದ್ದಾರೆ. ಬೆಂಗಳೂರಿನ ಸುದರ್ಶನ ಲೇಔಟಿನ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರವನ್ನು ಮುಕ್ತ ತಂತ್ರಾಂಶದ ಕಾರ್ಯಕರ್ತರು ಕೇರಿಯ ಜನರ ಜೊತೆ ಕಟ್ಟಿದರು. ಲೈಸೆನ್ಸಿಗೆ ಕಾಸು ಕೊಡದೆ ಮಕ್ಕಳು ಅಲ್ಲಿ ಕಲಿತರು. ನಮ್ಮ ನೆರೆಯ ಕೇರಳ ತನ್ನ ಸರ್ಕಾರಿ ಶಾಲೆಗಳಲ್ಲೇ ಮುಕ್ತ ತಂತ್ರಾಂಶ ತಂದು, ಮೇಷ್ಟ್ರುಗಳಿಗೆ ತರಬೇತಿ ಕೊಟ್ಟಿತು.

ಆ ಹುಡುಗನಿಗೆ ನಮ್ಮ ಉತ್ತರ ಇಷ್ಟು. ಮುಕ್ತ ಎಂದರೆ ಬಿಟ್ಟಿ ಅಲ್ಲ. ಬಿಟ್ಟಿ ಚಾಕರಿ ನಮ್ಮ ಅಜ್ಜಂದಿರಿಗೇ ಸಾಕಾಗಿ ಹೋಗಿದೆ, ಅದನ್ನು ಕಂಪ್ಯೂಟರಿನ ಮುಂದೆ ಕೂತು ಮತ್ತೆ ಮಾಡಬೇಕಾಗಿಲ್ಲ. ಒಳಬರಹ ಓದು, ಅದು ನಿನಗೆ ಮುಚ್ಚದ ಪುಸ್ತಕ. ಒಂದು ಕಾಲದಲ್ಲಿ ಓದಿದ್ದಕ್ಕೇ ನಮಗೆ ಶಿಕ್ಷೆ ಇತ್ತು, ಮರೆಯಬೇಡ. ಹಂಚು, ಆದರೆ ಕೆಲಸಕ್ಕೆ ಕೂಲಿ ಕೇಳು. ನಾವು ಹೊರಗಿನಿಂದ ಕೇಳಬೇಕಾದ್ದು ಬೇರೆ ಇದೆ: ಜನರ ತೆರಿಗೆಯಲ್ಲಿ ಬರೆಸಿದ ತಂತ್ರಾಂಶದ ಒಳಬರಹ ಜನರಿಗೆ ಸಿಗಬೇಕು. ಅದನ್ನು ಕಾಯುವವರಿಗೆ ಸಂಬಳ ಇರಬೇಕು. ಪ್ರತಿ ಹಾಸ್ಟೆಲಿನಲ್ಲೂ ರಾತ್ರಿ ಹತ್ತರವರೆಗೆ ತೆರೆದ ಕಂಪ್ಯೂಟರ್ ಕೋಣೆ ಬೇಕು.

ಈ ಮೂರನ್ನೂ ಅರ್ಜಿಯಲ್ಲಿ ಬರೆದಿದ್ದೇವೆ. ಟೈಪ್ ಮಾಡಿಕೊಟ್ಟವನು ಅದೇ ಹುಡುಗ. ಅವನ ಕೂಲಿ ಕೊಟ್ಟಿದ್ದೇವೆ.