ಹಳೆಯ ತಂತ್ರಾಂಶಕ್ಕೆ ಹೊಸ ವಿಂಡೋಸ್ ಜಾಗ ಮಾಡಿಕೊಟ್ಟ ಬಗೆ

ಹೊಸ ಕಂಪ್ಯೂಟರಿನಲ್ಲಿ ಹಳೆಯ ಪ್ರೋಗ್ರಾಮುಗಳು ಓಡಬೇಕೆಂಬ ಬೇಡಿಕೆ 1964ರಷ್ಟು ಹಳೆಯದು. ಆ ವರ್ಷ ಐಬಿಎಂ ಸಂಸ್ಥೆ ಸಿಸ್ಟಂ/360 ಯಂತ್ರಗಳನ್ನು ಪ್ರಕಟಿಸಿದಾಗ, ಹಿಂದಿನ 1401 ಮಾದರಿಗೆ ಬರೆಸಿಕೊಂಡಿದ್ದ ಪ್ರೋಗ್ರಾಮುಗಳನ್ನು ಕೈಬಿಡಲು ಗ್ರಾಹಕರಿಗೆ ಮನಸ್ಸಿರಲಿಲ್ಲ. ಹಳೆಯ ಯಂತ್ರದ ಆದೇಶಗಳನ್ನು ಹೊಸದು ತನ್ನ ಮೈಕ್ರೋಕೋಡ್ ಮೂಲಕ ಪಾಲಿಸುವ ಏರ್ಪಾಡಾಯಿತು. ‘ಎಮ್ಯುಲೇಟರ್’ ಎಂಬ ಹೆಸರು ಹುಟ್ಟಿದ್ದು ಆಗಲೇ.

ಮನೆಯ ಕಂಪ್ಯೂಟರಿನಲ್ಲಿ ಇದು ದೊಡ್ಡ ತಲೆನೋವಾದದ್ದು 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95ರ ತಯಾರಿಯಲ್ಲಿ. ಡಾಸ್ ಮತ್ತು ವಿಂಡೋಸ್ 3.1ಕ್ಕೆ ಬರೆದದ್ದೆಲ್ಲ ಅದರಲ್ಲಿ ನಡೆಯಬೇಕಿತ್ತು. ತಂಡದ ವ್ಯವಸ್ಥಾಪಕರೊಬ್ಬರು ತಂತ್ರಾಂಶದಂಗಡಿಗೆ ಟ್ರಕ್ ಒಯ್ದು, ಅಲ್ಲಿದ್ದ ಪ್ರತಿಯೊಂದು ಪ್ರೋಗ್ರಾಮಿನ ಒಂದೊಂದು ಪ್ರತಿ ಕೊಂಡು ತಂದು, ಪರೀಕ್ಷೆಗೆಂದು ಸಹೋದ್ಯೋಗಿಗಳಿಗೆ ಹಂಚಿದ್ದನ್ನು ಮೈಕ್ರೋಸಾಫ್ಟ್‌ನ ಎಂಜಿನಿಯರ್ ರೇಮಂಡ್ ಚೆನ್ ದಾಖಲಿಸಿದ್ದಾರೆ.

ಕೆಟ್ಟು ನಿಲ್ಲುತ್ತಿದ್ದ ಪ್ರೋಗ್ರಾಮುಗಳಲ್ಲಿ ದೋಷ ಎಷ್ಟೋ ಸಲ ಅವುಗಳದ್ದೇ ಆಗಿತ್ತು. ಸಿಮ್‌ಸಿಟಿ ಆಟ ತಾನು ಬಿಟ್ಟುಕೊಟ್ಟ ಮೆಮೊರಿಯನ್ನು ಮರುಕ್ಷಣವೇ ಮತ್ತೆ ಓದುತ್ತಿತ್ತು. ಹಿಂದಿನ ವ್ಯವಸ್ಥೆಯಲ್ಲಿ ಆ ಜಾಗವನ್ನು ಅಷ್ಟರೊಳಗೆ ಬೇರೆ ಯಾರೂ ಬಳಸುತ್ತಿರಲಿಲ್ಲವಾಗಿ ತಪ್ಪು ಬಯಲಾಗಿರಲಿಲ್ಲ. ವಿಂಡೋಸ್ 95ರಲ್ಲಿ ಆಟ ಕುಸಿಯಿತು. ಆಗ ವಿಂಡೋಸ್ ತಂಡ, ಸಿಮ್‌ಸಿಟಿ ನಡೆಯುತ್ತಿದೆಯೇ ಎಂದು ಗುರುತಿಸಿ, ನಡೆಯುತ್ತಿದ್ದರೆ ಬಿಟ್ಟ ಮೆಮೊರಿಯನ್ನು ಕೂಡಲೇ ಮರುಬಳಸದಂತೆ ತನ್ನ ವ್ಯವಸ್ಥೆಯನ್ನೇ ಬದಲಿಸಿತು. ದುಡ್ಡು ಕೊಟ್ಟು ಆಟ ಕೊಂಡವರ ಮೇಲಿನ ಈ ಕಾಳಜಿ ನಿಜಕ್ಕೂ ದೊಡ್ಡದು. ಆವೃತ್ತಿ ಸಂಖ್ಯೆಯದು ಇನ್ನೊಂದು ತೊಡಕು. 3.10 ಅಥವಾ ಅದಕ್ಕಿಂತ ಹೊಸದು ಬೇಕೆನ್ನುವ ಕೆಲವು ಪ್ರೋಗ್ರಾಮುಗಳು 4.0 ಎಂಬ ಉತ್ತರ ಬಂದರೆ, ಬಿಂದುವಿನ ಮುಂದಿನ ಸೊನ್ನೆಯನ್ನು ಹತ್ತಕ್ಕೆ ಹೋಲಿಸಿ, ಇದು ಹಳೆಯದೆಂದು ನಿರಾಕರಿಸುತ್ತಿದ್ದವು. ಹಾಗಾಗಿ ವಿಂಡೋಸ್ 3.1 ಕಾಲದ 16 ಬಿಟ್ ಪ್ರೋಗ್ರಾಮುಗಳಿಗೆ ವಿಂಡೋಸ್ 95 ತನ್ನನ್ನು 3.95 ಎಂದು ಹೇಳಿಕೊಂಡಿತು.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಈ ಬಗೆಯ ತೇಪೆಗಳನ್ನು ಬಳಕೆದಾರರ ಕೈಗೇ ಕೊಟ್ಟಿತು. ಪ್ರೋಗ್ರಾಮಿನ ಪ್ರಾಪರ್ಟೀಸ್ ತೆರೆದು ವಿಂಡೋಸ್ 95 ಅಥವಾ 98 ಎಂದು ಆರಿಸಿದರೆ, ಅಲುಗುವ ಮೇಜಿನ ಕಾಲಡಿ ಇಡುವ ಚಕ್ಕೆಯಂತೆ ‘ಶಿಮ್’ ಎಂಬ ತುಣುಕು ನಡುವೆ ಕೂತು, ಹಳೆಯ ವಿಂಡೋಸ್ ಕೊಡುತ್ತಿದ್ದ ಉತ್ತರಗಳನ್ನೇ ಕೊಡುತ್ತಿತ್ತು. ಅದರ ನಂತರದ ವಿಂಡೋಸ್ ವಿಸ್ಟಾದಲ್ಲಿ, ಪ್ರೋಗ್ರಾಂ ಫೈಲ್ಸ್ ಫೋಲ್ಡರಿನೊಳಗೆ ಬರೆಯಹೊರಟ ಹಳೆಯ ಪ್ರೋಗ್ರಾಮುಗಳ ಕಡತಗಳು ಸದ್ದಿಲ್ಲದೆ ಬಳಕೆದಾರರ ಸ್ವಂತ ಫೋಲ್ಡರಿಗೆ ಹೋಗುತ್ತಿದ್ದವು.

64 ಬಿಟ್ ವಿಂಡೋಸ್‌ನಲ್ಲಿ ಮಾತ್ರ ಡಾಸ್ ಮತ್ತು 16 ಬಿಟ್ ಪ್ರೋಗ್ರಾಮುಗಳಿಗೆ ಬಾಗಿಲು ಮುಚ್ಚಿತು. ಡಾಸ್ ಪ್ರೋಗ್ರಾಮುಗಳನ್ನು ನಡೆಸುತ್ತಿದ್ದ ವರ್ಚುವಲ್ 8086 ಸ್ಥಿತಿ ಪ್ರೊಸೆಸರಿನ 64 ಬಿಟ್ ವಿಧಾನದಲ್ಲಿ ಲಭ್ಯವಿಲ್ಲ. 2021ರ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಡಾಸ್ ಆಟಗಳಿಗೆ ಡಾಸ್‌ಬಾಕ್ಸ್ ಎಂಬ ಎಮ್ಯುಲೇಟರ್, ಉಳಿದವಕ್ಕೆ ವರ್ಚುವಲ್ ಮೆಷಿನ್ ಆಸರೆಯಾದವು.

ಕನ್ನಡದ ಡಿಟಿಪಿ ಕೆಲಸಕ್ಕೂ ಈ ಚರಿತ್ರೆಯ ನಂಟಿದೆ. 2001ರಲ್ಲಿ ಬಂದ ಪೇಜ್‌ಮೇಕರ್ 7.0 ಆ ಪುಟವಿನ್ಯಾಸ ತಂತ್ರಾಂಶದ ಕೊನೆಯ ಆವೃತ್ತಿ; ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ನುಡಿ, ಶ್ರೀಲಿಪಿ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಜೋಡಿಸಿದ ಪುಟಗಳಿಗಾಗಿ ಅದನ್ನು ಹೊಸ ವಿಂಡೋಸ್‌ನಲ್ಲೂ ಉಳಿಸಿಕೊಳ್ಳಬೇಕಾಯಿತು. ಅಂಥ ಪುಟಗಳನ್ನು ಕಾಪಾಡುವವರು ಕಡತದ ಜೊತೆಗೆ ಅದರ ಫಾಂಟನ್ನೂ ಇಟ್ಟುಕೊಳ್ಳಬೇಕು. ಫಾಂಟ್ ಕಳೆದುಹೋದರೆ ತೆರೆಯ ಮೇಲೆ ಕಾಣುವುದು ಕನ್ನಡವಲ್ಲ, ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳು.