ಅಂಬೋನಿನ ಬೈರಿಗೆ ಶಂಖಗಳು

ಬಡಗಿಯ ಬೈರಿಗೆಯನ್ನು ಕಂಡವರಿಗೆ ಈ ಚಿಪ್ಪಿನ ಆಕಾರವನ್ನು ವಿವರಿಸಬೇಕಾಗಿಲ್ಲ. ತುದಿ ಮೊನಚು, ಅಲ್ಲಿಂದ ಬುಡದವರೆಗೆ ಒಂದರ ಕೆಳಗೊಂದು ಬಿಗಿಯಾಗಿ ಇಳಿದು ಬರುವ ಸುತ್ತುಗಳು. ಬೆಚ್ಚನೆಯ ಕಡಲುಗಳ ಮರಳಿನಲ್ಲಿ ಹುದುಗಿ ಬಾಳುವ ಈ ಬಸವನಹುಳುಗಳಿಗೆ 1789ರಲ್ಲಿ ಫ್ರಾನ್ಸಿನ ಬ್ರುಗಿಯೇರ್ ‘ಟೆರೆಬ್ರಾ’ ಎಂದು ಹೆಸರಿಟ್ಟನು. ಲ್ಯಾಟಿನ್ನಿನಲ್ಲಿ ಆ ಮಾತಿಗೂ ಬೈರಿಗೆಯೆಂದೇ ಅರ್ಥ. ಆದರೆ ಇವುಗಳ ಸಂಗ್ರಹದ ಇತಿಹಾಸವನ್ನು ಅರಿಯಲು ಅದಕ್ಕೂ ನೂರು ವರ್ಷ ಹಿಂದಕ್ಕೆ, ಇಂದಿನ ಇಂಡೋನೇಷ್ಯಾದ ಅಂಬೋನ್ ದ್ವೀಪಕ್ಕೆ ಹೋಗಬೇಕು.

ಜರ್ಮನಿಯಲ್ಲಿ ಹುಟ್ಟಿದ ರುಂಫಿಯಸ್ ಡಚ್ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ ಅಲ್ಲಿ ನೆಲೆಸಿದನು. ದ್ವೀಪದ ಗಿಡಮರಗಳನ್ನೂ ಕಡಲ ಜೀವಿಗಳನ್ನೂ ಕುರಿತು ಬರೆಯತೊಡಗಿದನು. 1670ರಲ್ಲಿ ಅವನಿಗೆ ದೃಷ್ಟಿ ಹೋಯಿತು. 1674ರ ಭೂಕಂಪದಲ್ಲಿ ಹೆಂಡತಿಯೂ ಮಗಳೂ ತೀರಿಕೊಂಡರು. 1682ರಲ್ಲಿ ಅವನ ಚಿಪ್ಪಿನ ಸಂಗ್ರಹ ಟಸ್ಕನಿಯ ದೊರೆ ಮೂರನೆಯ ಕೊಸಿಮೊ ದೆ ಮೆಡಿಚಿಯ ಪಾಲಾಯಿತು. 1687ರ ಬೆಂಕಿಯಲ್ಲಿ ಚಿತ್ರಗಳು ಸುಟ್ಟುಹೋದವು. ಆದರೂ ಅವನು ಬರೆಹಗಾರರಿಗೆ ಹೇಳಿ ಬರೆಯಿಸುವುದನ್ನು ಬಿಡಲಿಲ್ಲ. ಯಾವ ಜೀವಿ ಎಲ್ಲಿ ಸಿಗುತ್ತದೆ, ದ್ವೀಪದ ಜನ ಅದನ್ನು ಏನೆಂದು ಕರೆಯುತ್ತಾರೆ, ಯಾವುದಕ್ಕೆ ಬಳಸುತ್ತಾರೆ ಎಂಬ ವಿವರಗಳು ಅವನ ಬರೆಹದ ಜೀವಾಳ.

ಅವನು ತೀರಿಕೊಂಡದ್ದು 1702ರಲ್ಲಿ. ‘ಅಂಬೋನಿನ ವಿಚಿತ್ರ ವಸ್ತುಗಳ ಕೋಣೆ’ ಎಂಬರ್ಥದ ಹೆಸರಿನ ಅವನ ಗ್ರಂಥ 1705ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾಯಿತು. ಕೊರತೆಯಾದ ಚಿತ್ರಗಳನ್ನು ಸಂಪಾದಕ ಸಿಮೋನ್ ಸ್ಖೈನ್‌ವೂಟ್ ಹಾಲೆಂಡಿನ ಸಂಗ್ರಹಗಳಲ್ಲಿದ್ದ ಚಿಪ್ಪುಗಳಿಂದ ತುಂಬಿಸಿದನು. ಹೀಗಾಗಿ ಮಾತು ಅಂಬೋನಿನದು, ಚಿತ್ರದಲ್ಲಿರುವ ಚಿಪ್ಪು ಎಷ್ಟೋ ಕಡೆ ಬೇರೆಲ್ಲಿಯದೋ. ಅಂದಿನ ಶ್ರೀಮಂತರ ಕಪಾಟುಗಳಲ್ಲಿ ಚಿಪ್ಪಿಗೆ ಬೆಲೆ ಬರುತ್ತಿದ್ದುದು ಅಂದದಿಂದ, ಅಪರೂಪದಿಂದ. ಅದು ಬಂದ ತೀರದ ಹೆಸರಿನಿಂದಲ್ಲ.

ಲಿನ್ನೇಯಸ್ 1758ರಲ್ಲಿ ಪ್ರಾಣಿಗಳಿಗೆ ಎರಡು ಪದಗಳ ಹೆಸರು ಕೊಟ್ಟಾಗ ಇಂತಹ ಚಿತ್ರಗ್ರಂಥಗಳನ್ನೇ ಅನೇಕ ಕಡೆ ಆಧರಿಸಿದನು. ಬೈರಿಗೆ ಶಂಖಗಳನ್ನು ‘ಬಕ್ಸಿನಮ್’ ಎಂಬ ದೊಡ್ಡ ಗುಂಪಿನಲ್ಲಿ ಸೇರಿಸಿದನು. ಅವನು ಕಂಡ ಗುರುತುಗಳು ಇಂದಿಗೂ ಸಂಗ್ರಾಹಕರಿಗೆ ನೆರವಾಗುತ್ತವೆ. ಸುತ್ತಿನ ಅಂಚಿನಲ್ಲಿ ಸಣ್ಣ ಗುಬುಟುಗಳ ಸಾಲಿದ್ದರೆ ಕ್ರೆನುಲಾಟ. ಒಂದೊಂದು ಸುತ್ತೂ ಎರಡಾಗಿ ಕಾಣುವಂತೆ ಆಳವಾದ ಗೀರು ಹಾದಿದ್ದರೆ ಡ್ಯುಪ್ಲಿಕಾಟ. ಇದು ಭಾರತದ ಕರಾವಳಿಯಲ್ಲೂ ಸಿಗುತ್ತದೆ. ಕಂದು ಚುಕ್ಕೆಗಳ ಸಾಲುಳ್ಳ ಭಾರವಾದ ಚಿಪ್ಪು ಮ್ಯಾಕ್ಯುಲಾಟ. ಇದು 25 ಸೆಂಟಿಮೀಟರಿನಷ್ಟು ಬೆಳೆಯಬಲ್ಲುದು. ಅಂಥದೇ ಚುಕ್ಕೆಗಳಿದ್ದು ಮೈ ಸಪೂರವಾಗಿದ್ದರೆ ಸುಬುಲಾಟ. ಇದಕ್ಕೆ ಲಿನ್ನೇಯಸ್ 1767ರಲ್ಲಿ ಹೆಸರಿಟ್ಟನು.

ಆದರೆ ಬಿಸಿಲಿಗೆ ಬಿದ್ದ ಚಿಪ್ಪಿನ ಬಣ್ಣ ಮಾಸುತ್ತದೆ, ಅಲೆಗೆ ಗೀರು ಸವೆಯುತ್ತದೆ. ಅದಕ್ಕಿಂತ ಮಿಗಿಲಾಗಿ, ಹೊರಮೈ ಒಳಗಿನದನ್ನು ಹೇಳುವುದಿಲ್ಲ. ಚುಕ್ಕೆಗಳ ಹೋಲಿಕೆಯಿಂದ ಸುಬುಲಾಟ, ಮ್ಯಾಕ್ಯುಲಾಟ ಎರಡೂ ಬಹುಕಾಲ ಟೆರೆಬ್ರಾ ಕುಲದಲ್ಲಿ ಒಟ್ಟಿಗಿದ್ದವು. ಸುಬುಲಾಟಕ್ಕೆ ಬೇಟೆಯನ್ನು ಚುಚ್ಚುವ ವಿಷದ ಅಂಗವಿದೆ, ಮ್ಯಾಕ್ಯುಲಾಟಕ್ಕೆ ಇಲ್ಲ. ಮಾಂಡೆ ಹಾಲ್ಫರ್ಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಡಿಎನ್‌ಎ ಅಧ್ಯಯನವು, ಈ ವಂಶದಲ್ಲಿ ವಿಷದ ಅಂಗ ಒಂದಕ್ಕಿಂತ ಹೆಚ್ಚು ಸಲ ನಶಿಸಿದೆಯೆಂದು ತೋರಿಸಿತು. ಮ್ಯಾಕ್ಯುಲಾಟ ಇಂದು ‘ಆಕ್ಸಿಮೆರಿಸ್’ ಎಂಬ ಬೇರೆ ಕುಲಕ್ಕೆ ಸೇರಿದೆ. ಇದನ್ನು ನಿರ್ಣಯಿಸಲು ಕಪಾಟಿನ ಖಾಲಿ ಚಿಪ್ಪುಗಳು ಸಾಲುತ್ತಿರಲಿಲ್ಲ. ಜೀವಿಯ ಒಡಲೇ ಬೇಕಾಯಿತು.

ಮುಂಬಯಿ, ಚೆನ್ನೈಗಳ ಕಡಲಂಚಿನಲ್ಲಿ ಬಾಳುವ ನಮ್ಮಲ್ಲಿ ಕೆಲವರಿಗಾದರೂ ಮಕ್ಕಳು ಆರಿಸಿ ತಂದ ಚಿಪ್ಪುಗಳ ಡಬ್ಬಿಯೊಂದು ಮನೆಯಲ್ಲಿರುತ್ತದೆ. ಮುಂದೊಮ್ಮೆ ಅದಕ್ಕೆ ಹೊಸ ಚಿಪ್ಪು ಸೇರುವಾಗ ಜೀವವಿಲ್ಲದ್ದನ್ನೇ ಆರಿಸಿ, ಸಿಕ್ಕ ತೀರ, ದಿನ, ಅಲ್ಲಿದ್ದುದು ಮರಳೋ ಕೆಸರೋ ಎಂಬುದನ್ನು ಚೀಟಿಯಲ್ಲಿ ಬರೆದಿಡಬೇಕು. ಹೆಸರು ತಪ್ಪಾದರೆ ಮುಂದೆ ಬಲ್ಲವರು ತಿದ್ದಿಯಾರು. ಬರೆಯದೆ ಬಿಟ್ಟ ಊರನ್ನು ಯಾರೂ ಹುಡುಕಿ ಕೊಡಲಾರರು. ಅಂಬೋನಿನಲ್ಲಿ ಕಣ್ಣಿಲ್ಲದವನು ಮರೆಯದೆ ಬರೆಯಿಸಿದ್ದು ಅದನ್ನೇ.